ಬಾಲಯೇಸುವಿನ ಬಲಗೈ

"ಅಪ್ಪಾ, ಇವನ ಹೆಬ್ಬೆರಳು ಕೆಳಗೆ ಹೋಗಿದೆ" ಎಂದಳು ಗುಬ್ಬಿ.

ಅಪ್ಪ ತಿರುಗಿ ನೋಡಲಿಲ್ಲ. ಬಟ್ಟಲಿನಲ್ಲಿ ಮೈಬಣ್ಣ ಕಲಸುತ್ತಿದ್ದ. ಚರ್ಚಿನಲ್ಲಿ ಧೂಳು ಒರೆಸುವಾಗ ಬಿದ್ದು ಬಾಲಯೇಸುವಿನ ಬಲಗೈ ಮಣಿಕಟ್ಟಿನಲ್ಲಿ ಮುರಿದಿತ್ತು. ಪ್ರತಿಮೆ ಮಾಡುವುದೇ ಅಪ್ಪನ ಕಸುಬು. ಹೊಸ ಕೈ ಅಂಟಿಸಿ ಈಗಷ್ಟೇ ಪಕ್ಕಕ್ಕೆ ಸರಿದಿದ್ದ. ಸಂಜೆಯ ಪೂಜೆಗೆ ಬಾಲಯೇಸು ಪೀಠದ ಮೇಲಿರಬೇಕು. ಒಯ್ಯಲು ಅಪ್ಪನ ಕೆಲಸದ ಕೋಣೆಗೆ ಬಂದ ಚರ್ಚಿನ ಉಪದೇಶಿ ಬೆಂಚಿನ ಮೇಲೆ ಕೂತು ಆಕಳಿಸುತ್ತಿದ್ದರು.

ಗುಬ್ಬಿ ಪ್ರತಿಮೆಯ ಪಕ್ಕದಲ್ಲಿ ನಿಂತು, ಅದರಂತೆಯೇ ತನ್ನ ಬಲಗೈಯನ್ನು ಅಗಲಕ್ಕೆ ಚಾಚಿದಳು. ಅವಳ ಎಡಗೈ ಮೊಣಕೈ ದಾಟಿ ಒಂದಿಷ್ಟು ಮುಂದೆ ಬಂದು ಅಲ್ಲಿಗೇ ಮುಗಿದುಹೋಗಿತ್ತು, ಹುಟ್ಟಿನಿಂದಲೇ.

"ನೋಡು. ನಂದು ಮೇಲಿದೆ, ಇವನದು ಕೆಳಗಿದೆ."

ಉಪದೇಶಿ ಎದ್ದು ಬಂದು ಕಣ್ಣು ಕಿರಿದು ಮಾಡಿ ನೋಡಿದರು. "ಹೌದಲ್ಲಯ್ಯ. ಎರಡೂ ಎಡಗೈಯೇ. ಇದನ್ನ ಹೀಗೇ ಹೊತ್ಕೊಂಡು ಹೋಗಿದ್ರೆ ಫಾದರ್ ಬೈಯೋದು ನಿನ್ನನ್ನಲ್ಲ, ನನ್ನನ್ನ."

ಅಪ್ಪ ನಾಲಿಗೆ ಕಚ್ಚಿಕೊಂಡ. ತಪ್ಪು ಹೇಗಾಯಿತೆಂದು ಅವನಿಗೆ ಥಟ್ಟನೆ ಹೊಳೆಯಿತು. ಅಚ್ಚಿನಲ್ಲಿ ಎರೆದು ಒಣಗಿಸಿದ ಕೈಗಳನ್ನು ಅವನು ಎರಡು ಡಬ್ಬಗಳಲ್ಲಿ ತುಂಬಿಡುತ್ತಿದ್ದ. ಒಂದರಲ್ಲಿ ಬಲ, ಒಂದರಲ್ಲಿ ಎಡ. ಶಾಲೆಗೆ ರಜೆ, ಹೆಂಡತಿಗೆ ಆಸ್ಪತ್ರೆಯಲ್ಲಿ ಹಗಲು ಪಾಳಿ. ಮಗಳನ್ನು ಇವತ್ತು ಇಲ್ಲಿಗೆ ಕರೆತರದೆ ಬೇರೆ ದಾರಿ ಇರಲಿಲ್ಲ. ಡಬ್ಬದ ತುಂಬ ಕೈಗಳು ಅವಳ ಕಣ್ಣಿಗೆ ಬಿದ್ದರೆ ಏನು ಕೇಳುತ್ತಾಳೋ ಎಂಬ ದಿಗಿಲಿಗೆ ಬೆಳಿಗ್ಗೆಯೇ ಎರಡರ ಮೇಲೂ ಗೋಣಿಚೀಲ ಹೊದಿಸಿದ್ದ. ಕೆಲಸದ ಹೊತ್ತಿಗೆ ಚೀಲದಡಿ ಕೈ ತೂರಿಸಿ, ಕುರುಡನಂತೆ ತಡಕಿ, ಸಿಕ್ಕಿದ್ದನ್ನು ಎಳೆದುಕೊಂಡಿದ್ದ.

ಪ್ಲಾಸ್ಟರ್ ಇನ್ನೂ ಹಸಿಯಾಗಿತ್ತು. ಹಿಡಿದು ತಿರುಚಿದ, ಕೈ ಕಿತ್ತು ಬಂತು. ಇನ್ನು ಚೀಲ ಎತ್ತದೆ ವಿಧಿಯಿಲ್ಲ. ಎತ್ತಿ ತಿರುಗಿದರೆ ಗುಬ್ಬಿ ಬೆನ್ನ ಹಿಂದೆಯೇ ನಿಂತಿದ್ದಾಳೆ.

"ಅಬ್ಬ, ಎಷ್ಟೊಂದು."

ಅವಳು ಒಂದು ಕೈ ಆರಿಸಿ, ನಲ್ಲಿಗೆ ಪೈಪು ಸಿಕ್ಕಿಸಿ ನೋಡುವವರಂತೆ ತನ್ನ ಎಡತೋಳಿನ ತುದಿಗೆ ಹಿಡಿದಳು. ಆ ಕಡೆ ಈ ಕಡೆ ತಿರುಗಿಸಿದಳು. "ತಣ್ಣಗಿದೆ" ಎಂದು ವಾಪಸ್ ಇಟ್ಟಳು. ಆಮೇಲೆ ಅಪ್ಪನ ಮುಷ್ಟಿಯಲ್ಲಿದ್ದ ತಪ್ಪು ಕೈಯನ್ನು ಬಿಡಿಸಿಕೊಂಡು ಎಡಗೈ ಡಬ್ಬಕ್ಕೆ ಹಾಕಿದಳು.

"ಯಾಕಪ್ಪಾ ತಪ್ಪಾಯ್ತು?"

"ನೋಡದೆ ತಗೊಂಡೆ."

"ನನ್ನ ಮಾಡೋವಾಗ ದೇವರೂ ನೋಡ್ಲಿಲ್ವಾ?"

ಉಪದೇಶಿಯ ಆಕಳಿಕೆ ಅರ್ಧಕ್ಕೇ ನಿಂತಿತು. "ಛೆ ಛೆ, ಹಾಗೆಲ್ಲ ಅನ್ನಬಾರದು ಪುಟ್ಟಿ. ದೇವರು ತಪ್ಪು ಮಾಡಲ್ಲ. ಭಾನುವಾರ ನಾನೇ ಹೇಳಿಕೊಟ್ಟಿಲ್ವಾ?"

"ತಪ್ಪು ಮಾಡಿದ್ರು ಅಂತ ನಾನೆಲ್ಲಿ ಅಂದೆ ಮಾವಾ? ನೋಡ್ಲಿಲ್ವಾ ಅಂತ ಕೇಳ್ದೆ."

ಉಪದೇಶಿ ಅಪ್ಪನ ಮುಖ ನೋಡಿದರು, ಸೂರು ನೋಡಿದರು. "ಗಾಡಿ ಬಂತೇನೋ ನೋಡ್ತೀನಿ" ಎಂದು ಹೊರಗೆ ಜಾರಿಕೊಂಡರು.

ಅಪ್ಪ ಬಲಗೈಯೊಂದನ್ನು ಎತ್ತಿಕೊಂಡು, ಹೆಬ್ಬೆರಳನ್ನು ಸರಿಯಾಗಿ ನೋಡಿ, ಹೊಸದಾಗಿ ಪ್ಲಾಸ್ಟರ್ ಕಲಸಿದ. ಇದೇ ಪ್ರಶ್ನೆಯನ್ನು ಆರು ವರ್ಷದಿಂದ ಮೊಣಕಾಲೂರಿ ಮನಸ್ಸಿನಲ್ಲೇ ಕೇಳುತ್ತ ಬಂದಿದ್ದ. ಬಾಯಿಬಿಟ್ಟು ಕೇಳಲು ಹೆದರಿಕೆ. ಕೇಳಿದರೆ ನಂಬಿಕೆಯೇ ಇಲ್ಲದವನಾಗುತ್ತೇನೋ ಎಂದು. ಮಗುವನ್ನು ನೋಡಿ ಲೊಚಗುಟ್ಟಿದವರಿಗೆಲ್ಲ "ಎಲ್ಲ ದೇವರ ಚಿತ್ತ" ಎಂದು ಹೇಳಿ ಹೇಳಿ ಆ ಮಾತು ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ಈಗಲೂ ತುಟಿಯವರೆಗೆ ಬಂತು. ನುಂಗಿಕೊಂಡ.

"ಇವನ ಭುಜ ಒತ್ತಿ ಹಿಡ್ಕೊ, ಅಲ್ಲಾಡಬಾರದು" ಎಂದ.

ಗುಬ್ಬಿ ಎಡತೋಳಿನ ತುದಿಯಿಂದ ಬಾಲಯೇಸುವಿನ ಭುಜವನ್ನು ಒತ್ತಿದಳು. ಬಲಗೈಯನ್ನು ಹೊಸ ಕೈಯ ಕೆಳಗೆ ಆಸರೆಗೆ ಕೊಟ್ಟಳು. ಅವಳ ಕೆನ್ನೆ ಪ್ರತಿಮೆಯ ಕೆನ್ನೆಗೆ ತಾಗುತ್ತಿತ್ತು. ಅಪ್ಪ ಮಣಿಕಟ್ಟಿನ ಸುತ್ತ ಪ್ಲಾಸ್ಟರ್ ಮೆತ್ತತೊಡಗಿದ.

"ಗೊತ್ತಿಲ್ಲ ಕಣೇ" ಎಂದ ಕೊನೆಗೆ. "ನಾನೂ ಕೇಳ್ತಾನೇ ಇದ್ದೀನಿ."

"ಏನಂತ ಕೇಳ್ತೀಯ?"

"ಯಾಕೆ ನೋಡ್ಲಿಲ್ಲ ಅಂತ."

ಗುಬ್ಬಿ ಹೊಸ ಕೈಯ ಕೆಳಗಿದ್ದ ಬೆರಳುಗಳನ್ನು ಸರಿಪಡಿಸಿಕೊಂಡಳು. "ಬಿಸಿ ಆಗ್ತಿದೆ" ಎಂದಳು.

"ಪ್ಲಾಸ್ಟರ್ ಗಟ್ಟಿಯಾಗೋವಾಗ ಹಾಗೇ."

"ನೋಡಿದ್ರೆ?"

"ಏನನ್ನ?"

"ನನ್ನನ್ನ. ದೇವರು ಚೆನ್ನಾಗಿ ನೋಡಿ, ಸರಿ ಇದೆ ಅಂತಾನೇ ಬಿಟ್ಟಿದ್ರೆ?"

ಅಪ್ಪನ ಬೆರಳುಗಳು ಮಣಿಕಟ್ಟಿನ ಮೇಲೆ ಹಾಗೇ ನಿಂತವು. ಅಷ್ಟು ವರ್ಷಗಳ ಪ್ರಾರ್ಥನೆಯಲ್ಲಿ ಒಮ್ಮೆಯೂ ಅವನಿಗೆ ಹೀಗೆ ಕೇಳಬೇಕೆನಿಸಿರಲಿಲ್ಲ. ಹೊರಗೆ ಗಾಡಿ ಬಂದು ನಿಂತಿತು. ಬೇಗ ಬೇಗ ಎಂದು ಉಪದೇಶಿ ಬಾಗಿಲಲ್ಲಿ ಅವಸರ ಮಾಡಿದರು.

"ನೀನು ನಿಧಾನಕ್ಕೆ ಯೋಚನೆ ಮಾಡಿ ಹೇಳಪ್ಪಾ" ಎಂದಳು ಗುಬ್ಬಿ, ತೋಳು ಸಡಿಲಿಸದೆ. "ನಾನು ಹಿಡ್ಕೊಂಡಿರ್ತೀನಿ."