ಪಕ್ಕದ ಮನೆಯ ಗೋಡೆ

ಬಾಗಲಕೋಟೆಯ ಆ ಓಣಿಯಲ್ಲಿ ತೊಟ್ಟಿಲಿಗೆ ಹಗ್ಗ ಕಟ್ಟುವ ರೂಢಿ ತಪ್ಪಿ ಎಷ್ಟೋ ಕಾಲವಾಗಿತ್ತು. ಎಲ್ಲವೂ ಅಯಸ್ಕಾಂತದ ಮಣೆಯ ಮೇಲೆ ತೇಲುತ್ತಿದ್ದವು. ನೀಲವ್ವನದು ಮಾತ್ರ ಬಿಸ್ಮತ್ ಎಂಬ ಲೋಹದ ಅಗ್ಗದ ತೊಟ್ಟಿಲು. ಕೊರೆಯುವಷ್ಟು ತಣ್ಣಗಾದ ಸೀಸ ಅಯಸ್ಕಾಂತವನ್ನು ದೂರ ತಳ್ಳುತ್ತದೆ; ಅಂಥ ಸೀಸಕ್ಕೆ ತಾಗಿದ್ದರಷ್ಟೇ ಆ ಗುಣ ತೊಟ್ಟಿಲಿಗೂ ಹತ್ತಿ ಅದು ಮೇಲೇಳುತ್ತಿತ್ತು. ಎರಡು ಮನೆಗಳ ನಡುವೆ ಯಂತ್ರದಿಂದ ತಂಪಾಗಿಡುತ್ತಿದ್ದ ಸೀಸದ ಗೋಡೆಯೋ, ಪಕ್ಕದ ಮನೆಯ ದಾಕ್ಷಾಯಣಿಯದು.

ಹಪ್ಪಳ ಒಣಹಾಕುವ ಜಾಗಕ್ಕಾಗಿ ಇಬ್ಬರೂ ಮಾತು ಬಿಟ್ಟರು.

"ಆಕಿ ಗ್ವಾಡಿ ಹಂಗು ನನಗ ಬ್ಯಾಡ," ಎಂದು ನೀಲವ್ವ ತೊಟ್ಟಿಲನ್ನು ಈಚೆ ಎಳೆದಳು. ಅದು ಮಣೆಯ ಮೇಲೆ ಕುಕ್ಕರಿಸಿತು. ಒಳಗಿದ್ದ ಮೊಮ್ಮಗಳು ಕಿಟಾರನೆ ಕಿರುಚಿದಳು. ನೀಲವ್ವ ಜೋಗುಳ ಹಾಡಿದಳು, ಗಿಲಕಿ ಆಡಿಸಿದಳು. ಅಳು ಏರಿತೇ ಹೊರತು ಇಳಿಯಲಿಲ್ಲ.

ಕೊನೆಗೆ ಸದ್ದಾಗದಂತೆ ತೊಟ್ಟಿಲನ್ನು ಮತ್ತೆ ಗೋಡೆಗೆ ತಾಗಿಸಿದಳು. ಅದು ಏಳಲಿಲ್ಲ. ದಾಕ್ಷಾಯಣಿ ಗೋಡೆಯ ತಂಪನ್ನೇ ಬಂದ್ ಮಾಡಿದ್ದಳು!

"ದಾಕ್ಷಾಯಣೀ," ನೀಲವ್ವ ಸೋತು ಕೂಗಿದಳು, "ಜಗಳ ನನ್ನ ಕೂಡ ಐತಿ, ಕೂಸಿನ ಕೂಡ ಅಲ್ಲವ್ವಾ."

"ಇಷ್ಟು ಹೇಳಾಕ ಇಷ್ಟೊತ್ತು ಬೇಕಾತೇನ ಅಕ್ಕಾ?"

ಗೋಡೆ ತಣ್ಣಗಾಯಿತು, ತೊಟ್ಟಿಲು ಮೇಲೆದ್ದಿತು, ಕೂಸು ಕಣ್ಣು ಮುಚ್ಚಿತು. ದಾಕ್ಷಾಯಣಿ ನೀಲವ್ವನ ಹೊಸ್ತಿಲಿಗೆ ಬಂದು ನಿಂತಳು. ಜಗಳವೇನೂ ಮುಗಿಯಲಿಲ್ಲ, ಕೂಸು ಏಳಬಾರದೆಂದು ಇಬ್ಬರೂ ಅದನ್ನು ಪಿಸುಮಾತಿನಲ್ಲಿ ಮುಂದುವರಿಸಿದರು.