ಹತ್ತಿ ಆರುವ ಉರಿ

ಕರ್ಟ್ ನೆಲಮಾಳಿಗೆಗೆ ಇಳಿದು, ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸಿನ ತಗಡಿನ ಬಾಗಿಲು ತೆಗೆದ. ಉರಿ ಹತ್ತಿದೆಯೋ ಇಲ್ಲವೋ ಎಂದು ಯಂತ್ರಕ್ಕೆ ತಿಳಿಸುವ ಸಣ್ಣ ತಂತಿಯೊಂದಿತ್ತು. ಅದನ್ನು ಬೆರಳಲ್ಲಿ ಎಳೆದುಬಿಟ್ಟ. ಮೇಲೆ ಬಂದು ಏನೂ ಅರಿಯದವನಂತೆ ಪತ್ರಿಕೆ ಹಿಡಿದು ಕೂತ. ಹೊರಗೆ ಡುಲೂತ್ ಊರಿನಲ್ಲಿ ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವ ಚಳಿ.

ಉದ್ದೇಶ ಒಂದೇ: ಮಾವ ಐನಾರ್ ತಮ್ಮ ಮನೆಗೆ ಹೊರಡಬೇಕು. ಕ್ರಿಸ್‌ಮಸ್ಸಿಗೆಂದು ಬಂದವರು ಫೆಬ್ರವರಿಯಾದರೂ ಕದಲಿರಲಿಲ್ಲ. ದೊಡ್ಡ ಸರೋವರದಲ್ಲಿ ಅದಿರು ಸಾಗಿಸುವ ಹಡಗುಗಳ ಇಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ದುಡಿದವರು. ಮದುವೆಯ ದಿನ, ಪಿಯಾನೊಗಳಿಗೆ ಶ್ರುತಿ ಮಾಡುವ ಅಳಿಯನ ಕೈ ಹಿಡಿದು ನೋಡಿ, ಈ ಕೈಯಲ್ಲಿ ಒಂದು ಸ್ಕ್ರೂ ಬಿಗಿದ ಗುರುತೂ ಇಲ್ಲವಲ್ಲ ಎಂದು ನೆಂಟರ ಮುಂದೆಯೇ ಅಂದಿದ್ದರು. ಅಲ್ಲಿಂದ ಒಂಬತ್ತು ವರ್ಷ, ಚಳಿ ಬಿಸಿಲಿನ ವಿಚಾರ ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಮನೆ ತಣ್ಣಗಾಯಿತು. ಸೋಮವಾರದವರೆಗೆ ಮೆಕ್ಯಾನಿಕ್ ಬರುವುದಿಲ್ಲವಂತೆ, ಅಲ್ಲಿಯವರೆಗೆ ನಿಮ್ಮ ಮನೆಯಲ್ಲಾದರೂ ಬೆಚ್ಚಗಿರಬಹುದು ಎಂದು ಕರ್ಟ್ ಸೂಚಿಸಿದ. ಐನಾರ್ ಅಂಗಿಯ ತೋಳು ಮಡಿಸಿ ಎದ್ದರು.

"ಮೆಕ್ಯಾನಿಕ್ ಯಾಕೆ? ಬಾ, ಟಾರ್ಚ್ ಹಿಡ್ಕೋ."

ಇಬ್ಬರೂ ಫರ್ನೇಸಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಹೊತ್ತಿಸುವ ಕಡ್ಡಿ ಕೆಂಪಗೆ ಕಾಯಿತು, ಗ್ಯಾಸ್ ಬಂತು, ನೀಲಿ ಉರಿ ಹತ್ತಿತು, ನಾಲ್ಕು ಎಣಿಸುವಷ್ಟರಲ್ಲಿ ಆರಿತು. ಮೂರು ಸಲ ಹೀಗೇ ಆಗಿ ಯಂತ್ರ ಮುನಿಸಿಕೊಂಡು ಕೂತಿತು. ಐನಾರ್ ಗಾಳಿಯ ಜಾಲರಿ ಬಿಚ್ಚಿ ಕೊಡವಿದರು. ಹೊರಗಿನ ಕೊಳವೆಗೆ ಹಿಮ ಕಟ್ಟಿದೆಯೇ ನೋಡಿ ಬಾ ಎಂದು ಅಳಿಯನನ್ನು ಕಳಿಸಿದರು. ಸ್ವಿಚ್ಚುಗಳನ್ನೆಲ್ಲ ತಡವಿದರು. ನಡುನಡುವೆ, ಸರೋವರದ ಮಧ್ಯೆ ಇಂಜಿನ್ ಕೈಕೊಟ್ಟಾಗ ಅಡುಗೆಯವನ ಕಾಲುಚೀಲದಿಂದ ಪೈಪು ಬಿಗಿದ ಕಥೆ ಹೇಳಿದರು. ಕರ್ಟ್‌ಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಐನಾರ್ ಕಳಚಿದ ತಂತಿಯನ್ನು ತೋರಿಸಿ ಮತ್ತೆ ಸಿಕ್ಕಿಸುವಾಗ ಎರಡು ಗಂಟೆ ಕಳೆದಿತ್ತು.

ಮರುದಿನವೂ ಕರ್ಟ್ ತಂತಿ ಎಳೆದ. ಅದರ ಮರುದಿನವೂ. ಮಾವ ಪ್ರತಿಸಲ ಜಾಲರಿಯಿಂದಲೇ ಶುರುಮಾಡಿದರು. ಕರ್ಟ್‌ನ ಹೆಂಡತಿ ಕಾರಿನ್ ಎರಡು ಸ್ವೆಟರ್ ತೊಟ್ಟು, ಒಂದು ಮಾತೂ ಗೊಣಗದೆ ಓಡಾಡಿಕೊಂಡಿದ್ದಳು. ಮೂರನೆಯ ದಿನ ಐನಾರ್ ಸ್ಕ್ರೂಡ್ರೈವರನ್ನು ಅಳಿಯನ ಕೈಗೇ ಕೊಟ್ಟರು. ಉರಿ ಆರದೆ ನಿಂತಾಗ, ಇದು ಯಾವ ಸ್ವರದಲ್ಲಿ ಗುಂಯ್‌ಗುಡುತ್ತಿದೆ ಎಂದು ವಿಚಾರಿಸಿದರು. ಕರ್ಟ್ ಕಿವಿಗೊಟ್ಟು ಹೇಳಿದ. ಮಾವ ತಲೆದೂಗಿದರು.

ನಾಲ್ಕನೆಯ ದಿನ ಕರ್ಟ್ ತಂತಿಯ ತಂಟೆಗೆ ಹೋಗಲಿಲ್ಲ. ಇವರು ಇನ್ನೊಂದು ತಿಂಗಳು ಇದ್ದರೆ ಇರಲಿ ಅನ್ನಿಸಿತ್ತು. ಆದರೂ ಮಧ್ಯಾಹ್ನ ಉರಿ ಹತ್ತಿ ಆರಿತು.

ಇಬ್ಬರೂ ಕೆಳಗಿಳಿದು ನೋಡಿದರೆ ತಂತಿ ನೇತಾಡುತ್ತಿತ್ತು. ಕರ್ಟ್ ಎಲ್ಲ ಒಪ್ಪಿಕೊಂಡುಬಿಡೋಣವೆಂದು ಬಾಯಿ ತೆರೆದ.

"ಮೂರು ಸಲಾನೂ ನೀನೇ ಅಂತ ಗೊತ್ತು," ಅಂದರು ಐನಾರ್. "ತಂತಿ ನನಗೆ ಎರಡೇ ನಿಮಿಷಕ್ಕೆ ಕಂಡಿತ್ತು. ಹೇಗೋ ನನ್ನ ಜೊತೆ ಮಾತಾಡ್ತಿದ್ದೀಯಲ್ಲ ಅಂತ ಸುಮ್ಮನಿದ್ದೆ."

"ಹಾಗಾದ್ರೆ ಇವತ್ತು ನೀವು..."

"ನಾನಲ್ಲ. ಇವತ್ತೂ ನೀನೇ ಅಂದ್ಕೊಂಡಿದ್ದೆ."

ಇಬ್ಬರೂ ಮುಖಮುಖ ನೋಡಿಕೊಂಡರು. ಮೆಟ್ಟಿಲ ತುದಿಯಿಂದ ಕಾರಿನ್ ದನಿ ಬಂತು:

"ಕಾಫಿ ಅಲ್ಲಿಗೇ ತರ್ತೀನಿ, ಅವಸರ ಮಾಡ್ಬೇಡಿ. ತಂತಿ ಮೆತ್ತಗೇ ಎಳ್ದಿದೀನಿ, ಮುರಿದಿಲ್ಲ."