ಭಾನುವಾರ ಇಲ್ಲದ ಹಾಡು

"ಈ ಹಾಡು ಹಾಡಿದವರು ನೀವೇನಾ ಅಮ್ಮಾ?" ಎಂದು ಉಮಾಶಂಕರ್ ಕೇಳಿದ.

ಆದಿಲಕ್ಷ್ಮಮ್ಮ ಹೌದೆಂದು ತಲೆಯಾಡಿಸಿದರು. ಏಪ್ರಿಲ್‌ನಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಲ್ಲಿ ಉಳಿದಿದ್ದುದು ಪಿಸುದನಿ ಮಾತ್ರ. ಪಕ್ಕದಲ್ಲಿದ್ದ ನೇಕಾರ ಕೆಂಪರಾಜ್ ಅವರ ಪರವಾಗಿ ಉತ್ತರಿಸಿದ. "ಅಕ್ಕಂದೇ ಸಾರ್. ಅವರವ್ವ ಹಾಡ್ತಿದ್ದ ಪದ. ಆಪರೇಷನ್ನಿಗೆ ಮುಂಚೆ ಮಗಳು ರಮ್ಯ ರೆಕಾರ್ಡ್ ಮಾಡಿ ಹಾಕಿದ್ಲು. ಆ ಫೋನೂ ಕಳೆದೋಯ್ತು. ಈಗ ಅಕ್ಕನ ದನಿ ಅಂತ ಇರೋದು ನಿಮ್ ಕಂಪನೀಲಿ ಮಾತ್ರ."

ಉಮಾಶಂಕರನ ಕಂಪನಿ ಫೋನಿನಲ್ಲಿ ಹಾಡು ಕೇಳಿಸುವ ಕಂಪನಿ. ಯಾವ ಹಾಡನ್ನು ಎಷ್ಟು ಸಲ ಹಾಕಿದರು ಎಂದು ಅದು ಪ್ರತಿದಿನವೂ ಪಟ್ಟಿ ಮಾಡುತ್ತದೆ. ಕನ್ನಡದ ಪಟ್ಟಿಯಲ್ಲಿ ಈ ಹಾಡು ನಾಲ್ಕು ವಾರಗಳಿಂದ ಸೋಮವಾರದಿಂದ ಶನಿವಾರದವರೆಗೆ ಒಂದನೆಯದು. ಭಾನುವಾರ ಮೊದಲ ಐನೂರರಲ್ಲಿಯೂ ಇಲ್ಲ. ದಿನಕ್ಕೆ ಮೂರು ಲಕ್ಷ ಇಪ್ಪತ್ತು ಸಾವಿರ ಸಲ, ಹೆಚ್ಚುಕಡಿಮೆ ಎಲ್ಲವೂ ದೊಡ್ಡಬಳ್ಳಾಪುರವೊಂದರಿಂದಲೇ. ಇದು ಯಂತ್ರದ ಮೋಸವೆಂದು ಕಚೇರಿ ತೀರ್ಮಾನಿಸಿತ್ತು. 'ಮನುಷ್ಯರು ಈ ಹಾಡನ್ನು ಕೇಳುತ್ತಿದ್ದಾರೆಯೇ?' ಎಂಬ ಒಂದೇ ಪ್ರಶ್ನೆಗೆ ಅವನು ಸಂಜೆ ಐದರೊಳಗೆ ಉತ್ತರ ಕಳಿಸಬೇಕಾಗಿತ್ತು. 'ಇಲ್ಲ' ಎಂದರೆ ಹಾಡು ಅಳಿಯುತ್ತದೆ. ಉಮಾಶಂಕರ್ ಆ ಹಾಡನ್ನು ಒಮ್ಮೆಯೂ ಕೇಳಿರಲಿಲ್ಲ. ಅದರ ಅಂಕಿಗಳನ್ನು ಮಾತ್ರ ನೋಡಿದ್ದ.

ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟಾಗ ಅವನ ಕಿವಿ ಮುಚ್ಚಿಹೋಯಿತು. ನಾಲ್ಕು ವಿದ್ಯುತ್ ಮಗ್ಗಗಳು ಓಡುತ್ತಿದ್ದವು. ಗೋಡೆಯ ಸ್ಪೀಕರಿನಿಂದ 'ಟಣ್, ಟಣ್' ಎಂಬ ತಾಳವೊಂದೇ ಆ ಗದ್ದಲವನ್ನು ಸೀಳಿ ಬರುತ್ತಿತ್ತು.

"ಹಾಡೆಲ್ಲಿ?" ಎಂದು ಅವನು ಕೂಗಿದ.

"ಟಣ್ ಅಂತೈತಲ್ಲ, ಅದೇ! ಅಕ್ಕ ಸ್ಟೀಲ್ ಲೋಟಕ್ಕೆ ತಟ್ಟಿರೋದು!"

"ಅದರ ಮಾತು?"

"ಮಾತು ಎಲ್ಲಿ ಕೇಳಿಸ್ತದೆ ಸಾರ್ ಈ ಗಲಾಟೇಲಿ!"

"ಮನೇಲಿ ಹಾಕ್ಕೊಂಡು ಕೇಳಲ್ವಾ?"

"ದಿನವೆಲ್ಲಾ ಇಲ್ಲಿ ಹೊಡಿಸ್ಕೊಂಡು ಮನೇಲೂ ಅದನ್ನೇ ಹಾಕಿದ್ರೆ ಹೆಂಡ್ತಿ ಆಚೆಗೆ ಹಾಕ್ತಾಳೆ!"

ನಿಯಮದ ಪ್ರಕಾರ ಇಷ್ಟೇ ಸಾಕಾಗಿತ್ತು. ಉಮಾಶಂಕರ್ ಫೋನು ತೆರೆದು 'ಇಲ್ಲ' ಎಂಬುದರ ಮೇಲೆ ಬೆರಳು ತಂದ. ಬಾಗಿಲಲ್ಲಿ ನಿಂತಿದ್ದ ಆದಿಲಕ್ಷ್ಮಮ್ಮ ಆ ಬೆರಳನ್ನೇ ನೋಡುತ್ತಿದ್ದರು. ಅಷ್ಟರಲ್ಲಿ, ಮಗ್ಗಕ್ಕೆ ಬೆನ್ನು ಹಾಕಿ ನಿಂತಿದ್ದ ಕೆಂಪರಾಜ್ ಥಟ್ಟನೆ ತಿರುಗಿ ಹಿಡಿಕೆ ಎಳೆದು ಮಗ್ಗವನ್ನು ನಿಲ್ಲಿಸಿದ. ಅಡ್ಡ ಎಳೆ ಒಯ್ಯುವ ಲಾಳಿ ನೂಲಿನ ನಡುವೆ ತೊಡರಿಕೊಂಡಿತ್ತು.

"ನೋಡದೆ ಹೇಗೆ ಗೊತ್ತಾಯ್ತು?"

"ಮಗ್ಗದ ಏಟು ಟಣ್‌ಗಿಂತ ಹಿಂದೆ ಬಿತ್ತಲ್ಲ ಸಾರ್! ಇನ್ನೆರಡು ಏಟು ಓಡಿದ್ರೆ ನೂರು ಎಳೆ ಕಿತ್ಕೊಂಡೋಗೋದು. ಮೊದ್ಲು ನಮ್ ಶೆಡ್ಡು ಒಂದೇ ಈ ಹಾಡು ಹಾಕ್ತಿತ್ತು, ಈಗ ಸಾವಿರ ಶೆಡ್ಡು!"

ಸಾವಿರ ಶೆಡ್ಡು, ಗಂಟೆಗೆ ಇಪ್ಪತ್ತು ಸಲ, ಎರಡು ಪಾಳಿಗೆ ಹದಿನಾರು ಗಂಟೆ. ಉಮಾಶಂಕರ್ ಗುಣಿಸಿದ. ಮೂರು ಲಕ್ಷ ಇಪ್ಪತ್ತು ಸಾವಿರ. ಭಾನುವಾರ ಮಗ್ಗಗಳಿಗೆ ರಜೆ. ಅವನು ತನ್ನ ಫೋನಿನಲ್ಲಿಯೂ ಹಾಡನ್ನು ಹಾಕಿ, ಕಿವಿಗೆ ಒತ್ತಿಕೊಂಡು, ಗಡಿಯಾರ ನೋಡುತ್ತ ಎಣಿಸಿದ. ಮೂರು ನಿಮಿಷದ ಹಾಡಿನಲ್ಲಿ ಮುನ್ನೂರ ಅರವತ್ತು ಏಟು. ಮೂರು ನಿಮಿಷದಲ್ಲಿ ಮಗ್ಗದ ಏಟೂ ಮುನ್ನೂರ ಅರವತ್ತು.

"ಮಗ್ಗದ ಪಕ್ಕ ಕೂತು ಹಾಡಿದ್ರಾ?"

ಆದಿಲಕ್ಷ್ಮಮ್ಮ ಕೆಂಪರಾಜನ ಕಿವಿಯಲ್ಲಿ ಪಿಸುಗುಟ್ಟಿದರು. ಅವನು ಕೂಗಿ ಹೇಳಿದ: "ಅವತ್ತು ಭಾನುವಾರ, ಮಗ್ಗ ನಿಂತಿತ್ತಂತೆ! ಕಿವಿಯೊಳಗೆ ಮೂವತ್ತು ವರ್ಷದಿಂದ ನಿಂತೇ ಇಲ್ವಂತೆ!"

ಮೂಲೆಯ ಮಗ್ಗದಿಂದ ಮೂರ್ತಿ ಎಂಬ ಮುದುಕ ದನಿ ಸೇರಿಸಿದ. "ಮೂವತ್ತಾರು ಹಾಡಿಗೆ ಒಂದ್ ಸೀರೆ ಸಾರ್! ಅಳತೆ ಟೇಪು ಹಿಡಿಯೋದೇ ಬಿಟ್ಬಿಟ್ಟಿದೀವಿ!"

ಒಂದು ಏಟಿಗೆ ಒಂದು ಎಳೆ. ಅಂಗುಲಕ್ಕೆ ಅರವತ್ತು ಎಳೆ. ಹಾಡಿಗೆ ಆರು ಅಂಗುಲ. ಸೀರೆ ಇನ್ನೂರ ಹದಿನಾರು ಅಂಗುಲ. ಭಾಗಿಸಿದರೆ ಶೇಷ ಸೊನ್ನೆ. ಉಮಾಶಂಕರ್ ಎರಡನೆಯ ಸಲ ಭಾಗಿಸಿದ, ಅನುಮಾನದಿಂದಲ್ಲ. ಇಷ್ಟಾದರೂ ಪ್ರಶ್ನೆ ಹಾಗೆಯೇ ಉಳಿದಿತ್ತು. ಇವರು ಹಾಡಿನಿಂದ ಅಳೆಯುತ್ತಿದ್ದರು, ಹಾಡನ್ನು ಕೇಳುತ್ತಿರಲಿಲ್ಲ.

ಕರೆಂಟ್ ಹೋಯಿತು. ಮಗ್ಗಗಳೂ, ಅದೇ ತಂತಿಗೆ ಸೇರಿದ್ದ ಸ್ಪೀಕರೂ ಎಂದಿನಂತೆ ಒಟ್ಟಿಗೆ ನಿಂತವು. ನಿಲ್ಲದೆ ಉಳಿದದ್ದು ಉಮಾಶಂಕರನ ಕೈಯಲ್ಲಿ ಅದೇ ಹಾಡನ್ನು ಮತ್ತೆ ಮತ್ತೆ ಹಾಡುತ್ತಿದ್ದ ಫೋನು ಮಾತ್ರ. ಆ ನಿಶ್ಶಬ್ದದಲ್ಲಿ ಗಂಟಲು ಕೆಡುವುದಕ್ಕೆ ಮುಂಚಿನ ಆದಿಲಕ್ಷ್ಮಮ್ಮನ ದನಿ ತುಂಬಿ ಬಂತು:

*ಮಗ್ಗ ನಿಲ್ಸಿ ಬಾರಪ್ಪಾ, ಮುದ್ದೆ ಆರಿ ಹೋಯ್ತದೆ,*
*ಎಳೆ ಕಾಯ್ತದೆ ನಾಳೆಗೂ, ಹಸಿವು ಎಲ್ಲಿ ಕಾಯ್ತದೆ...*

ಮೂರ್ತಿ ಕೈಯಲ್ಲಿದ್ದ ನೂಲನ್ನು ಕೆಳಗಿಟ್ಟ. ಕೆಂಪರಾಜ್ ಆದಿಲಕ್ಷ್ಮಮ್ಮನ ಕಡೆ ತಿರುಗಿದ. "ಅಕ್ಕಾ, ಇಷ್ಟ್ ದಿನ ನಮಗೆ ಇದನ್ನಾ ಹೇಳ್ತಿದ್ದೆ?"

ಅವರು ತಮ್ಮದೇ ದನಿಗೆ ತುಟಿಯನ್ನಷ್ಟೇ ಆಡಿಸುತ್ತಿದ್ದರು.

ಸ್ಪೀಕರಿನ ಕೆಂಪು ದೀಪ ಹೊತ್ತಿಕೊಂಡಿತು, ಕರೆಂಟ್ ಬಂದಿತ್ತು. ಕೆಂಪರಾಜ್ ಕೈ ಚಾಚಿ ಅದರ ದನಿಯನ್ನು ಅಡಗಿಸಿದ. ಪಕ್ಕದ ಶೆಡ್ಡುಗಳಲ್ಲಿ ಮಗ್ಗಗಳು ಒಂದೊಂದಾಗಿ ಎದ್ದವು. ಉಮಾಶಂಕರ್ 'ಹೌದು' ಎಂಬುದನ್ನು ಒತ್ತಿ, ಫೋನನ್ನು ನಿಂತ ಮಗ್ಗದ ಮೇಲಿಟ್ಟ. ಹಾಡು ಮೊದಲಿನಿಂದ ಶುರುವಾಯಿತು. ಅದು ಮುಗಿಯುವವರೆಗೆ, ಮುನ್ನೂರ ಅರವತ್ತು ಏಟಿನ ಕಾಲ, ಆ ಶೆಡ್ಡಿನಲ್ಲಿ ಯಾರೂ ಮಗ್ಗದ ಸ್ವಿಚ್ಚಿಗೆ ಕೈ ಹಾಕಲಿಲ್ಲ.